ಆಂಗ್ಲ ಪದ್ಯದಲ್ಲಿ ಸ್ವರಚಿಹ್ನೆಯ ಪ್ರಯೋಜನ

ಕನ್ನಡ ಪದ್ಯವನ್ನು ಕಂಡೊಡನೆ ಪ್ರಸ್ತಾರ ಹಾಕಬಹುದು; ಶಿಥಿಲದ್ವಿತ್ವದಂತಹ ಕೆಲವು ಎಡೆಗಳನ್ನುಳಿದರೆ ಲಘುಗುರುಗಳು ಲಿಪಿಯಲ್ಲಿಯೇ ಗೋಚರವಾಗುತ್ತವೆ. ಇಂಗ್ಲಿಷಿನ ಸ್ಥಿತಿ ಹೀಗಲ್ಲ. ಅಲ್ಲಿ ಬರೆದ ಸ್ವರವೆಲ್ಲವೂ ಉಚ್ಚಾರಣೆಗೆ ಬರುವುದಿಲ್ಲ. ಒಂದು ಶಬ್ದದಲ್ಲಿ ಎಷ್ಟು ಸಿಲಬಲ್ಲುಗಳು, ಎಂದರೆ ಉಚ್ಚಾರಾಕ್ಷರಗಳು, ಇವೆಯೆಂಬುದನ್ನಾಗಲಿ ಅವುಗಳ ಗಡಿಯನ್ನಾಗಲಿ ಬರಹವು ಹೇಳುವುದಿಲ್ಲ.

ಪಂಕ್ತಿಯ ಕೊನೆಯಲ್ಲಿ ಶಬ್ದವನ್ನೊಡೆಯುವ ಹೈಫನ್ ಈ ಗಡಿಯನ್ನು ತೋರಿಸುವುದೆಂದು ನಂಬುವಂತೆಯೂ ಇಲ್ಲ. ಇಂಗ್ಲೆಂಡಿನ ಮುದ್ರಕರು ಹೆಚ್ಚಾಗಿ ವ್ಯುತ್ಪತ್ತಿಯನ್ನು ಮನ್ನಿಸಿದರು. ಅಮೆರಿಕದ ನೋವಾ ವೆಬ್‌ಸ್ಟರನು 1783ರ ತನ್ನ ಕಾಗುಣಿತದ ಪುಸ್ತಕದಲ್ಲಿ ಉಚ್ಚಾರಣೆಯನ್ನೇ ಪ್ರಮಾಣವಾಗಿ ಹಿಡಿದನು. ಆದುದರಿಂದ ‘ನಾಲೆಜ್’ ಎಂಬ ಒಂದೇ ಶಬ್ದವು ಒಂದು ಸಂಪ್ರದಾಯದಲ್ಲಿ ‘ಡಬ್ಲ್ಯು’ ಆದಮೇಲೆಯೂ ಇನ್ನೊಂದರಲ್ಲಿ ‘ಎಲ್’ ಆದಮೇಲೆಯೂ ಒಡೆಯುತ್ತದೆ. ಗದ್ಯದಲ್ಲಿ ಇದರಿಂದ ಹೆಚ್ಚಿನ ಹಾನಿಯಿಲ್ಲ. ಪದ್ಯದಲ್ಲಿ ಅಕ್ಷರವೊಂದು ತಪ್ಪಿದರೆ ಭಾವವೇ ಕುಂದುತ್ತದೆ.

ಷೇಕ್ಸ್‌ಪಿಯರನ ‘ರೋಮಿಯೊ ಅಂಡ್ ಜೂಲಿಯೆಟ್’ ನಾಟಕದ ಮೂರನೆಯ ಅಂಕದ ಮೂರನೆಯ ದೃಶ್ಯವನ್ನು ನೋಡಬಹುದು. ಗಡಿಪಾರಿನ ಆಜ್ಞೆಯನ್ನು ಕೇಳಿದ ರೋಮಿಯೊ ‘ಬ್ಯಾನಿಷ್ಡ್’ ಎಂಬ ಶಬ್ದವನ್ನು ಒಂದೇ ಪಾದದಲ್ಲಿ ಎರಡು ಸಲ ನುಡಿಯುತ್ತಾನೆ. ಪಾದದ ಹತ್ತು ಅಕ್ಷರಗಳು ತುಂಬಬೇಕಾದರೆ ಮೊದಲನೆಯದು ‘ಬ್ಯಾ-ನಿ-ಷೆಡ್’ ಎಂದು ಮೂರಕ್ಷರವಾಗಬೇಕು. ಎರಡನೆಯದು ಎರಡೇ ಅಕ್ಷರ. 1623ರ ಫೋಲಿಯೊ ಮುದ್ರಣವು ಮೊದಲನೆಯದನ್ನು ‘ಇ, ಡಿ’ಗಳಿಂದಲೂ ಎರಡನೆಯದನ್ನು ‘ಟಿ’ಯಿಂದಲೂ ಮುಗಿಸಿ ಈ ಭೇದವನ್ನು ಕಾಪಾಡಿದೆ. ಮೊದಲನೆಯದು ರಾಜಾಜ್ಞೆಯ ಕ್ರೂರಶಬ್ದ. ರೋಮಿಯೊ ಅದನ್ನು ಎಳೆದೆಳೆದು ಸವಿಯಲಾರದೆ ಸವಿಯುತ್ತಾನೆ. ಎರಡನೆಯದು ಅದರಿಂದ ತಾನು ಪಡೆದ ಅರ್ಥ; ಅದು ತಟ್ಟನೆ ಮುಗಿಯುತ್ತದೆ.

ಇಂದಿನ ಕಾಗುಣಿತದಲ್ಲಿ ಎರಡಕ್ಕೂ ಒಂದೇ ರೂಪ. ಆದಕಾರಣ ಅನೇಕ ಸಂಪಾದಕರು ಉಚ್ಚರಿಸಬೇಕಾದ ‘ಇ’ಯ ಮೇಲೆ ಗ್ರೇವ್ ಎಂಬ ಓರೆಗೆರೆಯನ್ನು ಇಡುತ್ತಾರೆ. ಚಿಹ್ನೆಯು ಕಣ್ಣಿಗೆ ಪರಕೀಯವೆಂದೂ, ಅದು ಕವಿಯದಲ್ಲದೆ ಸಂಪಾದಕನ ಊಹೆಯೆಂದೂ ಆಕ್ಷೇಪಿಸಬಹುದು. ಎರಡನೆಯ ಮಾತು ನಿಜ. ಛಂದಸ್ಸು ಸಂದಿಗ್ಧವಾಗಿರುವೆಡೆ ಚಿಹ್ನೆಯನ್ನಿಡುವುದು ಸಾಹಸವೇ ಸರಿ. ಆದರೆ ಹಳೆಯ ಮುದ್ರಣವು ಮಾಡಿದ್ದ ಭೇದವನ್ನು ಅಳಿಸಿ ಬೇರೇನನ್ನೂ ಕೊಡದಿರುವುದು ನಿಷ್ಪಕ್ಷಪಾತವಲ್ಲ. ಅದು ಮೌನವಾಗಿ ಮಾಡಿದ ಪಾಠಾಂತರ.

ಚಿಹ್ನೆಯಿಲ್ಲದ ಪುಸ್ತಕದಿಂದ ಪಾಠ ಹೇಳುವ ಅಧ್ಯಾಪಕನು ಅರ್ಥ ಬಿಡಿಸುವ ಮೊದಲು ಪಾದದ ಅಕ್ಷರಗಳನ್ನು ಎಣಿಸಿ ತೋರಿಸುವುದು ಲೇಸು. ರೋಮಿಯೊವಿನ ದುಃಖದ ಅಳತೆ ಆ ಎಣಿಕೆಯಲ್ಲಿಯೇ ಇದೆ.