ಕೆ. ವಿ. ಅಯ್ಯರ್ ಅವರ ‘ಮಸಲ್ ಕಲ್ಟ್’: ಕಲಿಸುವವನ ಕಣ್ಣಿನಲ್ಲಿ

ಕೆ. ವಿ. ಅಯ್ಯರ್ ಎಂದೊಡನೆ ಕನ್ನಡ ವಾಚಕರಿಗೆ ನೆನಪಾಗುವುದು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳು ಮತ್ತು ಕೈಲಾಸಂ ಅವರೊಡನಿದ್ದ ಸ್ನೇಹ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ಅಂಚೆಯ ಮೂಲಕವೂ ಅಂಗಸಾಧನೆ ಕಲಿಸಿದ ಅಯ್ಯರ್ ಅಷ್ಟಾಗಿ ನೆನಪಾಗುವುದಿಲ್ಲ. 1930ರಲ್ಲಿ ಅವರು ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ಮಸಲ್ ಕಲ್ಟ್’ ಎಂಬ ಪುಸ್ತಕವನ್ನು ನಾವು ಈಚೆಗೆ ಓದಿದೆವು. ಅದಕ್ಕೆ ಕಾರಣನಾದವನು ಡೊಂಬಿವಲಿ ಎಂಐಡಿಸಿಯಲ್ಲಿ ನಮ್ಮ ನೆರೆಮನೆಯ ತರುಣ.

ತಂದೆತಾಯಿ ವಿಜಯಪುರ ಜಿಲ್ಲೆಯವರು. ಮಗ ಇಲ್ಲಿಯ ಜಿಮ್ಮೊಂದರಲ್ಲಿ ತರಬೇತುದಾರನಾಗಲು ಕಲಿಯುತ್ತಿದ್ದಾನೆ. ಓದಬೇಕಾದ ಪುಸ್ತಕಗಳೆಲ್ಲ ಇಂಗ್ಲಿಷಿನವು. ಒಂದು ಸಂಜೆ ಬಂದು, “ಕಾಕಾ, ರಾತ್ರಿ ಪಾಳಿ ಮುಗಿಸಿ ಬರೋ ನಮ್ಮಪ್ಪನ ವಾರಿಗಿಯವರಿಗೆ ಇದನ್ನೆಲ್ಲ ಹೆಂಗ ತಿಳಿಸಿ ಹೇಳ್ಲಿ? ನಮ್ಮವರು ಯಾರಾದ್ರೂ ಬರದಾರೇನ್ರಿ?” ಎಂದು ಕೇಳಿದ. ನಮಗೆ ಥಟ್ಟನೆ ಹೊಳೆದ ಹೆಸರು ಅಯ್ಯರ್ ಅವರದು.

ಪುಸ್ತಕದ ದೊಡ್ಡ ಗುಣವನ್ನು ಮೊದಲು ಹೇಳಬೇಕು. ಪಶ್ಚಿಮದಿಂದ ಬಂದ ಡಂಬೆಲ್ಲು, ಬಾರ್‌ಬೆಲ್ಲುಗಳನ್ನು ಅಯ್ಯರ್ ಮಡಿವಂತಿಕೆಯಿಂದ ದೂರವಿಡಲಿಲ್ಲ. ಅವುಗಳಿಗೆ ಮರುಳಾಗಿ ಮನೆಯದನ್ನು ಬಿಟ್ಟುಕೊಡಲೂ ಇಲ್ಲ. ಕಬ್ಬಿಣದ ಜೊತೆಗೆ ಹಠಯೋಗವನ್ನೂ ಇಟ್ಟುಕೊಂಡರು. ಪರತಂತ್ರ ದೇಶದ ತರುಣನಿಗೆ ನಿನ್ನ ಮೈಯನ್ನು ನೀನೇ ಕಡೆದುಕೊಳ್ಳಬಲ್ಲೆ ಎಂಬ ಧೈರ್ಯವನ್ನು ಈ ಪುಸ್ತಕ ಕೊಟ್ಟಿರಬೇಕು.

ಆದರೆ ಕಲಿಸುವವನ ಕಣ್ಣಿನಿಂದ ನೋಡಿದಾಗ ಕೆಲವು ಸಂದೇಹಗಳು ಏಳುತ್ತವೆ. ತಮ್ಮನ್ನು ಇಂದಿನ ಸ್ಥಿತಿಗೆ ತಂದದ್ದರಲ್ಲಿ ಗುಂಡು, ಕಂಬಿ, ಸ್ಪ್ರಿಂಗುಗಳಿಗಿಂತ ಹಠಯೋಗದ ಪಾಲೇ ಹೆಚ್ಚು ಎಂದು ಅಯ್ಯರ್ ಹೇಳುತ್ತಾರೆ. ಇರಬಹುದು. ಆದರೆ ಎರಡನ್ನೂ ಮಾಡಿದ ಒಂದೇ ಶರೀರದಲ್ಲಿ ಯಾವುದರ ಫಲ ಎಷ್ಟು ಎಂದು ಬೇರ್ಪಡಿಸುವುದು ಹೇಗೆ? ವಿಜ್ಞಾನ ಓದಿದವರು ಇದನ್ನು ಸಾಕ್ಷ್ಯವೆಂದು ಒಪ್ಪಿಯಾರೇ ಹೊರತು ಪ್ರಮಾಣವೆಂದು ಒಪ್ಪಲಾರರು. ಈ ದೋಷ ಅಯ್ಯರ್ ಒಬ್ಬರದಲ್ಲ. ಇಂದಿನ ಜಿಮ್ಮುಗಳ ಗೋಡೆಯ ಮೇಲಿನ ಚಿತ್ರಗಳೂ ‘ನನ್ನನ್ನು ನೋಡು, ನನ್ನಂತೆ ಮಾಡು’ ಎಂದೇ ಹೇಳುತ್ತವೆ.

ಹಾಗಾದರೆ ತರಬೇತುದಾರನಿಗೆ ಬೇಕಾದುದೇನು? ಮೊದಲನೆಯದು, ಭಾರವನ್ನು ಅಳೆದು ಏರಿಸುವ ಕ್ರಮ. ಇದು ನಮ್ಮ ಗರಡಿಮನೆಗೆ ಹೊಸದಲ್ಲ. ಬಸ್ಕಿ, ದಂಡಗಳ ಎಣಿಕೆಯನ್ನು ಉಸ್ತಾದರು ದಿನದಿಂದ ದಿನಕ್ಕೆ ಏರಿಸುತ್ತಿದ್ದರು. ಆದರೆ ಎಣಿಕೆಯನ್ನೇ ಏರಿಸಿದರೆ ದಮ್ಮು ಹೆಚ್ಚೀತು. ಸಂಗ್ರಾಣಿ ಕಲ್ಲು ಎತ್ತುವ ಕಸುವು ಬರಬೇಕಾದರೆ ಭಾರವೇ ಏರಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದ ವೈದ್ಯ ಥಾಮಸ್ ಡೆಲಾರ್ಮ್ ಗಾಯಾಳು ಸೈನಿಕರಿಗೆ ಭಾರ ಎತ್ತಿಸಿ ಗುಣ ಕಂಡು, 1945ರಲ್ಲಿ ಅದನ್ನು ಪ್ರಕಟಿಸಿದರು. ಬಳಿಕ ಅವರು ಗೊತ್ತುಮಾಡಿದ ಕ್ರಮ ಸರಳ: ಒಬ್ಬನು ಹತ್ತೇ ಸಲ ಎತ್ತಬಲ್ಲ ಭಾರ 20 ಕಿಲೋ ಆದರೆ ಮೊದಲ ಸುತ್ತಿಗೆ 10, ಎರಡನೆಯದಕ್ಕೆ 15, ಮೂರನೆಯದಕ್ಕೆ 20, ಪ್ರತಿ ಸುತ್ತಿನಲ್ಲೂ ಹತ್ತು ಸಲ. ಇಲ್ಲಿ ಅಳತೆಗೋಲು ಗುರುವಿನ ಶರೀರವಲ್ಲ, ಶಿಷ್ಯನದೇ.

ಎರಡನೆಯದು, ಫಲವನ್ನು ಸರಿಯಾಗಿ ಓದುವ ವಿವೇಕ. ಹೊಸಬನಿಗೆ ಮೊದಲ ಕೆಲವು ವಾರಗಳಲ್ಲಿ ಬರುವ ಬಲ ಬಹುಪಾಲು ನರಗಳು ಕಲಿತದ್ದರಿಂದ ಬಂದದ್ದು, ಮಾಂಸಖಂಡ ದಪ್ಪವಾಗುವುದು ಆಮೇಲೆ ಎಂದು ಮೊರಿತಾನಿ ಮತ್ತು ಡಿ ವ್ರೀಸ್ 1979ರಲ್ಲಿ ತೋರಿಸಿದರು. ಇದನ್ನರಿಯದ ತರಬೇತುದಾರ ಆ ಏರಿಕೆಯ ಕೀರ್ತಿಯನ್ನು ಡಬ್ಬಿಯ ಪುಡಿಗೆ ಕೊಟ್ಟುಬಿಡುತ್ತಾನೆ.

ಮೂರನೆಯದು ವಿಶ್ರಾಂತಿ. ಬಲ ಬೆಳೆಯುವುದು ಎತ್ತುವಾಗಲ್ಲ, ಎತ್ತಿದ ಮೇಲೆ ಉಂಡು ಮಲಗಿದಾಗ. ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಬಂದವನಿಗೂ, ಲೋಕಲ್ ಗಾಡಿಯಲ್ಲಿ ನಿಂತು ಸಣ್ಣಾಗಿ ಬಂದ ಗುಮಾಸ್ತನಿಗೂ, ಕಾಲೇಜು ಹುಡುಗನಿಗೂ ಒಂದೇ ಪಟ್ಟಿ ಕೊಡುವುದು ಕಲಿಸಿದಂತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆಯೂ ವಯಸ್ಕರಿಗೆ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ ಹೇಳುತ್ತದೆ. ದಿನವೂ ಮೈ ಮುರಿಯಿರಿ ಎನ್ನುವುದಿಲ್ಲ. ಲೆಕ್ಕ ತಪ್ಪಿದರೆ ನೋಯುವುದು ಕೂಲಿಯನ್ನೇ ನಂಬಿದವನ ಸೊಂಟ.

ಅಯ್ಯರ್ ಅವರಿಗೆ ಅನ್ಯಾಯವಾಗಬಾರದು. ‘ಮಸಲ್ ಕಲ್ಟ್’ ತಮ್ಮ ಪದ್ಧತಿಗೆ ಪೀಠಿಕೆ ಮಾತ್ರ ಎಂದು ಅವರೇ ಸೂಚಿಸಿದ್ದಾರೆ. ಡೆಲಾರ್ಮ್ ಬರೆದದ್ದು ಅದಾದ ಹದಿನೈದು ವರ್ಷದ ಮೇಲೆ. ಪೀಠಿಕೆಯನ್ನು ಪಠ್ಯವೆಂದು ಹಿಡಿದರೆ ತಪ್ಪು ನಮ್ಮದು. ಅಲ್ಲದೆ, ಇಲ್ಲಿ ಕಾಣದ ಒಂದು ಅರಿವು ಅವರ ಕಾದಂಬರಿಯಲ್ಲಿ ಇದೆ. ‘ರೂಪದರ್ಶಿ’ಯಲ್ಲಿ ಬಾಲಯೇಸುವಿಗೆ ಮಾದರಿಯಾದ ಮಗುವೇ ವರ್ಷಗಳ ಮೇಲೆ ಜೂದಾಸನಿಗೂ ಮಾದರಿಯಾಗುತ್ತಾನೆ. ಬದುಕು ಒಂದು ಮೈಯನ್ನು ಏನೇನು ಮಾಡಬಲ್ಲುದೆಂದು ಆ ಕಾದಂಬರಿಕಾರನಿಗೆ ಚೆನ್ನಾಗಿ ಗೊತ್ತಿತ್ತು. ವ್ಯಾಯಾಮದ ಪುಸ್ತಕದಲ್ಲಿರುವುದು ಮಾತ್ರ ಉತ್ತುಂಗದಲ್ಲಿ ನಿಂತ ಒಂದು ಮೈ. ಕಲಿಸುವವನ ಮುಂದೆ ಬರುವವರಾದರೋ ಬದುಕಿನಲ್ಲಿ ಸವೆದವರು.

ಆ ತರುಣನಿಗೆ ನಾವು ಹೇಳಿದ್ದು ಇಷ್ಟೆ: ಅಯ್ಯರ್ ಅವರನ್ನು ಹುರುಪಿಗಾಗಿ ಓದು, ಪಾಠಕ್ಕಾಗಿ ಒಬ್ಬೊಬ್ಬರಿಗೂ ಒಂದೊಂದು ವಹಿ ಇಡು. ವಯಸ್ಸು, ಪಾಳಿ, ನಿದ್ದೆ, ಎತ್ತಿದ ಭಾರ, ಎಷ್ಟು ಸಲ ಎಂದು ಬರೆ. ಅಂಥ ವಹಿಗಳ ಅನುಭವದಿಂದ, ಕಾರ್ಖಾನೆಯ ದುಡಿಮೆಗಾರನಿಗೂ ಅರ್ಥವಾಗುವ ಕನ್ನಡದಲ್ಲಿ, ಬಲ್ಲವರೊಬ್ಬರು ಪುಸ್ತಕ ಬರೆಯಲಿ ಎಂದು ಹಾರೈಸುತ್ತೇವೆ.