ಎದುರು ಕೂತವರ ಪ್ರಶ್ನೆ

ಯಲ್ಲಾಪುರದ ಕಡೆ ಮಳೆ ಹಿಡಿದರೆ ಬಯಲಾಟ ನಿಂತು ತಾಳಮದ್ದಳೆಯ ಕಾಲ ಬರುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ್ಯ, ಅದಕ್ಕೆ ಕೂತಲ್ಲೇ ಹೇಳುವ ಅರ್ಥ, ಅಷ್ಟೇ. ಕತೆ ಎಲ್ಲರಿಗೂ ಬಾಯಿಪಾಠ: ವಾಲಿ ಸಾಯುತ್ತಾನೆ, ಸಂಧಾನ ಮುರಿಯುತ್ತದೆ. ಆದರೆ ಮರೆಯಲ್ಲಿ ನಿಂತು ಬಾಣ ಬಿಟ್ಟೆಯೇಕೆ ಎಂದು ವಾಲಿ ಕೇಳಿದಾಗ ಇವತ್ತಿನ ರಾಮ ಏನು ಹೇಳುತ್ತಾನೆ ಎಂಬುದು ರಾಮನ ಅರ್ಥಧಾರಿಗೂ ಪೂರ್ತಿ ಗೊತ್ತಿರುವುದಿಲ್ಲ. ಜನ ಕೂರುವುದು ಅದಕ್ಕೇ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಗೆ ರಾಮನಾಗುವವರು ಗಟ್ಟಿಗರೇ ಆಗಬೇಕಿತ್ತು. ನ್ಯಾಯಶಾಸ್ತ್ರ ಓದಿದ ಉಮಾಕಾಂತ ಭಟ್ಟ ಕೆರೇಕೈ ಅಂಥವರು ಅರ್ಥಕ್ಕೆ ಕೂತರೆ ತರ್ಕವೇ ರಸವಾಗುತ್ತದೆ. ಒಳ್ಳೆಯ ಎದುರಾಳಿ ಬಾಯಿ ಮುಚ್ಚಿಸುವುದಿಲ್ಲ, ಮಾತು ಹೊರಡಿಸುತ್ತಾನೆ.

ಈ ರುಚಿ ಹತ್ತಿದ ಕಿವಿಗೆ ಜರ್ಮನ್ ನುಡಿಯ ವಿಶ್ವವಿದ್ಯಾಲಯಗಳ ಡಾಕ್ಟರೇಟ್ ಮೌಖಿಕ ಪರೀಕ್ಷೆ ಪರಕೀಯವಲ್ಲ. ಅಲ್ಲಿ ಹಳೆಯ ಎರಡು ಬಗೆಗಳಿವೆ. ಡಿಸ್ಪುಟಾಟ್ಸಿಯೋನ್‌ನಲ್ಲಿ ತಾನು ಬರೆದ ಪ್ರಬಂಧವನ್ನು ಸಭೆಯ ಮುಂದೆ ಸಮರ್ಥಿಸಬೇಕು, ಪ್ರಸಂಗವಾದರೂ ಗೊತ್ತು. ರಿಗೊರೋಸುಮ್‌ನಲ್ಲಿ ಅದೂ ಇಲ್ಲ. ಪ್ರಬಂಧದಾಚೆಗೂ, ಉಪವಿಷಯಗಳಲ್ಲೂ ಪ್ರಶ್ನೆ ಬರಬಹುದು. 1754ರಲ್ಲಿ ಹಾಲೆಯಲ್ಲಿ ಡೊರೊಥಿಯಾ ಎರ್ಕ್ಸ್‌ಲೆಬೆನ್ ಲ್ಯಾಟಿನ್‌ನಲ್ಲಿ ಉತ್ತರ ಕೊಟ್ಟು ಜರ್ಮನಿಯ ಮೊದಲ ವೈದ್ಯಕೀಯ ಡಾಕ್ಟರೇಟ್ ಪಡೆದ ಮಹಿಳೆಯಾದರು. ಅದಕ್ಕೆ ಮೊದಲು ಅವರನ್ನು ನಕಲಿ ವೈದ್ಯೆಯೆಂದು ದೂರಿದ್ದವರು ಅವರ ಊರಿನ ವೈದ್ಯರೇ.

ನನಗೆ ಮತ್ತೆಮತ್ತೆ ಸವಿಯಬೇಕೆನಿಸುವುದು 1923ರ ಜುಲೈನ ಮ್ಯೂನಿಕ್ ಪರೀಕ್ಷೆ. ಅಭ್ಯರ್ಥಿ 21ರ ವರ್ನರ್ ಹೈಸೆನ್‌ಬರ್ಗ್. ಗಣಿತಕ್ಕೆ ಚುರುಕು, ಪ್ರಯೋಗಶಾಲೆಗೆ ಉದಾಸೀನ. ಪ್ರಾಯೋಗಿಕ ಭೌತಶಾಸ್ತ್ರದ ವಿಲ್ಹೆಲ್ಮ್ ವೀನ್ ಕೇಳಿದ್ದು ಸರಳ: ಸೂಕ್ಷ್ಮದರ್ಶಕ ಎಷ್ಟು ಹತ್ತಿರದ ಎರಡು ಬಿಂದುಗಳನ್ನು ಬಿಡಿಸಿ ತೋರಿಸಬಲ್ಲದು? ಬ್ಯಾಟರಿ ಕೆಲಸ ಮಾಡುವುದು ಹೇಗೆ? ಹುಡುಗ ತಡವರಿಸಿದ. ವೀನ್ ಫೇಲು ಮಾಡುವವರೇ; ಗುರು ಸೊಮ್ಮರ್‌ಫೆಲ್ಡ್ ಒಪ್ಪದ್ದರಿಂದ ಸಾಧಾರಣ ದರ್ಜೆಯಲ್ಲಿ ದಾಟಿದ. 1927ರಲ್ಲಿ ಅನಿಶ್ಚಿತತಾ ತತ್ತ್ವವನ್ನು ವಿವರಿಸಲು ಹೈಸೆನ್‌ಬರ್ಗ್ ಎತ್ತಿಕೊಂಡದ್ದು ಸೂಕ್ಷ್ಮದರ್ಶಕವನ್ನೇ. ಎಡವಿದ್ದೂ ಅದೇ ಬಿಡಿಸಿ ತೋರಿಸುವ ಲೆಕ್ಕದಲ್ಲಿ. ತಿದ್ದಿದವರು ನೀಲ್ಸ್ ಬೋರ್. ದರ್ಜೆ ಕೊಟ್ಟು ಮುಗಿಸಿದ ಪ್ರಶ್ನೆ ನಾಲ್ಕು ವರ್ಷ ಬೆನ್ನು ಬಿಡಲಿಲ್ಲ. ವೀನ್ ಕಟುವಾಗಿ ಕೇಳಿರಬಹುದು, ಕೇಳಿದ್ದು ಮಾತ್ರ ಸರಿಯಾದದ್ದನ್ನೇ.

ನಮ್ಮಲ್ಲೂ ಯುಜಿಸಿ ನಿಯಮದಂತೆ ಪಿಎಚ್.ಡಿ. ಮೌಖಿಕ ಪರೀಕ್ಷೆ ಅಧ್ಯಾಪಕರಿಗೆ, ಸಂಶೋಧಕರಿಗೆ, ವಿದ್ಯಾರ್ಥಿಗಳಿಗೆ ಮುಕ್ತ. ಶಾಲು-ಹಾರಕ್ಕೆ ಮೊದಲು ಅಂಥದೊಂದು ಪ್ರಶ್ನೆ ಬೀಳುತ್ತದೆಂದು ಖಾತ್ರಿಯಾದರೆ, ಧಾರವಾಡಕ್ಕೂ ನಮ್ಮ ಕಡೆಯವರು ಬಸ್ಸು ಹತ್ತಿ ಹೋದಾರು.