ಗ್ರೀನ್‌ಲ್ಯಾಂಡಿನ ಅದಿರು ಹಿಮದಡಿ ಅಡಗಿಲ್ಲ

ಗ್ರೀನ್‌ಲ್ಯಾಂಡ್ ಸುದ್ದಿಗೆ ಬಂದಾಗಲೆಲ್ಲ ಒಂದೇ ಕಥೆ: ಹಿಮ ಕರಗುತ್ತಿದೆ, ಅದರಡಿ ಹೂತಿದ್ದ ವಿರಳ ಲೋಹಗಳ ಖಜಾನೆ ಇನ್ನೇನು ಬಾಯಿ ತೆರೆಯಲಿದೆ, ಮೊದಲು ಹೋದವರದೇ ಪಾಲು. ಟ್ರಂಪ್ 2019ರಲ್ಲಿ ದ್ವೀಪವನ್ನೇ ಕೊಳ್ಳುವ ಮಾತೆತ್ತಿದ ಮೇಲಂತೂ ಇದನ್ನು ಯಾರೂ ಪ್ರಶ್ನಿಸುತ್ತಿಲ್ಲ. ಆದರೆ ಈ ಕಥೆ ಬುಡದಲ್ಲೇ ತಪ್ಪು.

ದ್ವೀಪದ ಐದರಲ್ಲಿ ನಾಲ್ಕು ಪಾಲು ಹಿಮ, ನಿಜ. ಉಳಿದ ಅಂಚಿನ ನೆಲವೇ ಸುಮಾರು ನಾಲ್ಕು ಲಕ್ಷ ಚದರ ಕಿಲೋಮೀಟರ್, ಕರ್ನಾಟಕದ ಎರಡು ಪಟ್ಟಿಗೂ ಹೆಚ್ಚು. ಎಲ್ಲರ ಬಾಯಲ್ಲಿರುವ ವಿರಳ ಲೋಹಗಳ ನಿಕ್ಷೇಪಗಳು ಈ ಅಂಚಿನಲ್ಲಿವೆ, ಬಿಸಿಲಿಗೆ ಮೈಯೊಡ್ಡಿಕೊಂಡಿವೆ. ಖನಿಜಶಾಸ್ತ್ರಜ್ಞ ಗೀಸೆಕೆ 1806ರಿಂದ 1813ರವರೆಗೆ ಇಲ್ಲಿ ಅಲೆದು ಕಲ್ಲು ಕೂಡಿಹಾಕಿದ್ದರು. ಇವಿಟ್ಟೂಟ್‌ನಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಶುರುವಾದ ಕ್ರಯೋಲೈಟ್ ಗಣಿ 1987ರವರೆಗೆ ನಡೆದು, ಜಗತ್ತಿನ ಅಲ್ಯೂಮಿನಿಯಂ ಕುಲುಮೆಗಳಿಗೆ ಬೇಕಾದ ಖನಿಜವನ್ನು ಒದಗಿಸಿತು. ಈ ಗಣಿಗಾರಿಕೆಗೆ ಹಿಮ ಕರಗುವುದನ್ನು ಯಾರೂ ಕಾಯಲಿಲ್ಲ.

ಹಾಗಾದರೆ ವಿರಳ ಲೋಹಗಳು ಇನ್ನೂ ಏಕೆ ಹೊರಬಂದಿಲ್ಲ? ಉತ್ತರ ಕಲ್ಲಿನಲ್ಲೇ ಇದೆ. ದಕ್ಷಿಣದ ಇಲಿಮಾಉಸ್ಸಾಕ್ ಶಿಲಾಸಮೂಹ ಸುಮಾರು 116 ಕೋಟಿ ವರ್ಷಗಳ ಹಿಂದೆ, ಭೂಖಂಡ ಬಿರಿಯುತ್ತಿದ್ದಾಗ ಮೇಲೆದ್ದ ಶಿಲಾರಸದಿಂದ ಆದದ್ದು. ರಸ ತಣಿಯುತ್ತ ಸಾಮಾನ್ಯ ಖನಿಜಗಳು ಮೊದಲು ಹರಳುಗಟ್ಟಿದವು. ಅವುಗಳಲ್ಲಿ ಸೇರದ ಜಿರ್ಕೋನಿಯಂ, ನಿಯೋಬಿಯಂ, ವಿರಳ ಲೋಹಗಳು, ಯುರೇನಿಯಂ ಎಲ್ಲ ಕೊನೆಯ ರಸದಲ್ಲಿ ಮಡುಗಟ್ಟಿದವು. ಅಲ್ಲಿನ ಫ್ಯೋರ್ಡ್ (ಒಳನಾಡಿಗೆ ಚಾಚಿದ ಕಡಲತೋಳು) ದಂಡೆಯ ಬಂಡೆಯಲ್ಲಿ ಕಪ್ಪು, ಕೆಂಪು, ಬಿಳಿ ಪದರಗಳು ಜಮಖಾನದ ಪಟ್ಟೆಗಳಂತೆ ಮತ್ತೆ ಮತ್ತೆ ಬರುತ್ತವೆ. ಕಪ್ಪು ಆರ್ಫ್‌ವೆಡ್ಸೊನೈಟ್, ಬಿಳಿ ಫೆಲ್ಡ್‌ಸ್ಪಾರ್, ಕೆಂಪು ಯೂಡಿಯಲೈಟ್. ವಿರಳ ಲೋಹಗಳಿರುವುದು ಆ ಕೆಂಪಿನಲ್ಲಿ.

ತೊಡಕೂ ಅಲ್ಲೇ. ಇಂದು ಜಗತ್ತಿನ ವಿರಳ ಲೋಹಗಳು ಬಹುಪಾಲು ಬಾಸ್ಟ್‌ನಸೈಟ್, ಮೊನಜೈಟ್ ಎಂಬ ಖನಿಜಗಳಿಂದ ಮತ್ತು ದಕ್ಷಿಣ ಚೀನಾದ ಒಂದು ಬಗೆಯ ಜೇಡಿಮಣ್ಣಿನಿಂದ ಬರುತ್ತವೆ. ಯೂಡಿಯಲೈಟನ್ನು ಆಮ್ಲದಲ್ಲಿ ಕರಗಿಸಿದರೆ ಅದರ ಸಿಲಿಕಾ ಲೋಳೆಯಾಗಿ ಸೋಸುವ ಯಂತ್ರಗಳನ್ನೇ ಕಟ್ಟಿಹಾಕುತ್ತದೆ. ಪಕ್ಕದ ಕ್ವಾನೆಫೆಲ್ಡ್ ಗುಡ್ಡದ ಸ್ಟೀನ್‌ಸ್ಟ್ರುಪಿನ್ ಎಂಬ ಖನಿಜದ್ದು ಇನ್ನೂ ಕಷ್ಟ: ಲೋಹದ ಜೊತೆ ಯುರೇನಿಯಂ, ಥೋರಿಯಂ ಹೆಣೆದುಕೊಂಡಿವೆ. ನೆಲದಲ್ಲಿ ಇಷ್ಟು ಟನ್ ಇದೆ ಎನ್ನುವುದಕ್ಕೂ ಲಾಭಕ್ಕೆ ತೆಗೆಯಬಹುದು ಎನ್ನುವುದಕ್ಕೂ ಬಹಳ ಅಂತರ. ಖಜಾನೆಯ ಕಥೆ ಹೇಳುವವರು ಮೊದಲನೆಯ ಅಂಕಿಯನ್ನು ಎರಡನೆಯದರ ಜಾಗದಲ್ಲಿಟ್ಟು ಓದುಗರನ್ನು ದಾರಿತಪ್ಪಿಸುತ್ತಾರೆ.

ವಿದ್ಯುತ್ ವಾಹನ, ಗಾಳಿಯಂತ್ರಗಳ ಕಾಂತಗಳಿಗೆ ನಿಯೋಡೈಮಿಯಂ, ಡಿಸ್‌ಪ್ರೋಸಿಯಂ ಎಂಬ ವಿರಳ ಲೋಹಗಳು ಬೇಕು. ಅವುಗಳಿಗೆ ಚೀನಾ ಒಂದನ್ನೇ ನೆಚ್ಚಿಕೊಳ್ಳುವುದು ಅಪಾಯ ಎನ್ನುತ್ತಾರೆ. ಈ ವಾದದಲ್ಲಿ ಹುರುಳಿದೆ. ಆದರೆ ಚೀನಾದ ನಿಜವಾದ ಹಿಡಿತ ಇರುವುದು ಲೋಹಗಳನ್ನು ಬೇರ್ಪಡಿಸುವ ಕಾರ್ಖಾನೆಗಳ ಮೇಲೆ. ಅಂಥ ಕಾರ್ಖಾನೆಗಳನ್ನು ಬೇರೆಡೆ ಕಟ್ಟದೆ ಗ್ರೀನ್‌ಲ್ಯಾಂಡನ್ನು ಅಗೆದರೆ ಅದಿರು ಕೊನೆಗೆ ಚೀನಾಕ್ಕೇ ಹೋಗುತ್ತದೆ.

ಹಿಮ ಕರಗುವುದರಿಂದ ಕೆಲಸ ಸುಲಭವಾಗುತ್ತದೆ ಎಂಬ ನಂಬಿಕೆಯಂತೂ ಕಣ್ಣೆದುರಿನ ಸಾಕ್ಷ್ಯಕ್ಕೇ ವಿರುದ್ಧ. 2023ರ ಸೆಪ್ಟೆಂಬರಿನಲ್ಲಿ ಪೂರ್ವದ ಡಿಕ್ಸನ್ ಫ್ಯೋರ್ಡಿನಲ್ಲಿ ಹಿಮನದಿ ತೆಳುವಾಗಿ ಆಸರೆ ಕಳೆದುಕೊಂಡ ಬೆಟ್ಟ ಕುಸಿಯಿತು. ಅದರಿಂದೆದ್ದ ಅಲೆ ಇಕ್ಕಟ್ಟಾದ ಫ್ಯೋರ್ಡಿನಲ್ಲಿ ತೂಗಾಡಿ, ಒಂಬತ್ತು ದಿನ ಜಗತ್ತಿನ ಭೂಕಂಪಮಾಪಕಗಳಲ್ಲೆಲ್ಲ ದಾಖಲಾಯಿತು. ಊರಿನಿಂದ ಊರಿಗೆ ರಸ್ತೆಯೇ ಇಲ್ಲದ ನಾಡಿನಲ್ಲಿ ಗಣಿಯ ಬಂದರುಗಳು ನಿಲ್ಲಬೇಕಾದದ್ದು ಇಂಥ ಫ್ಯೋರ್ಡುಗಳ ದಂಡೆಯಲ್ಲೇ.

ಕ್ವಾನೆಫೆಲ್ಡ್‌ನ ಬುಡದಲ್ಲಿ ನಾರ್ಸಾಕ್ ಎಂಬ ಪುಟ್ಟ ಊರಿದೆ, ಸುತ್ತ ಕುರಿ ಮೇಯುವ ಹುಲ್ಲುಗಾವಲು. ವಿಕಿರಣಶೀಲ ತ್ಯಾಜ್ಯವನ್ನು ಊರಿನ ಮೇಲ್ಭಾಗದ ತಾಸೆಕ್ ಸರೋವರಕ್ಕೆ ತುಂಬುವುದು ಆ ಗುಡ್ಡದಲ್ಲಿ ಗಣಿ ತೆರೆಯಹೊರಟ ಕಂಪನಿಯ ಯೋಜನೆಯಾಗಿತ್ತು. 2021ರ ಚುನಾವಣೆಯಲ್ಲಿ ಈ ಗಣಿಯನ್ನು ವಿರೋಧಿಸಿದ ಪಕ್ಷ ಗೆದ್ದು, ಯುರೇನಿಯಂ ಗಣಿಗಾರಿಕೆಗೆ ಕಾನೂನಿನ ತಡೆ ತಂದಿತು. ಹೊರಗಿನ ವಿಶ್ಲೇಷಕರು ಇದನ್ನು ಭಾವುಕತೆ ಎಂದರು. ನಾನು ಒಪ್ಪುವುದಿಲ್ಲ. ಪಶ್ಚಿಮದ ಮಾರ್ಮೊರಿಲಿಕ್‌ನಲ್ಲಿ 1973ರಿಂದ 1990ರವರೆಗೆ ಸೀಸ-ಸತುವಿನ ಗಣಿ ನಡೆದು ತ್ಯಾಜ್ಯ ಫ್ಯೋರ್ಡಿಗೆ ಬಿತ್ತು. ಗಣಿ ಮುಚ್ಚಿ ದಶಕಗಳಾದ ಮೇಲೂ ಅಲ್ಲಿನ ನೀಲಿ ಚಿಪ್ಪುಮೀನುಗಳಲ್ಲಿ ಸೀಸ ಸಿಗುತ್ತಲೇ ಇತ್ತು. ನಾರ್ಸಾಕ್‌ನವರ ಮುಂದಿದ್ದದ್ದು ತಮ್ಮದೇ ನಾಡಿನ ಈ ದಾಖಲೆ.